ಬೆಟ್ಟ ಇದೆ, ಕೆರೆ ಇದೆ, ನೀರುಗಂಟಿ ಎಲ್ಲಿ?

ಎರಡು ಬೆಟ್ಟ. ನಡುವೆ ಅರ್ಧ ಸೂರ್ಯ. ಬೆಟ್ಟದ ಬುಡದಲ್ಲಿ ನೀಲಿ ಕೆರೆ. ದಡದಲ್ಲಿ ಒಂದು ಗುಡಿಸಲು, ಗುಡಿಸಲ ಪಕ್ಕ ಒಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಕರ್ನಾಟಕದ ಯಾವ ಸರ್ಕಾರಿ ಶಾಲೆಗೆ ಹೋಗಿ 'ಒಂದು ಸೀನರಿ ಬರೀರಪ್ಪ' ಅಂದರೂ ಮಕ್ಕಳು ಬರೆಯುವುದು ಇದನ್ನೇ. ಬೀದರಿನ ಮಗುವೂ ಇದನ್ನೇ ಬರೆಯುತ್ತದೆ, ಚಾಮರಾಜನಗರದ ಮಗುವೂ ಇದನ್ನೇ ಬರೆಯುತ್ತದೆ. ಹನಕೆರೆಯ ನಾವೂ ಇದನ್ನೇ ಬರೆದೆವು. ಹತ್ತಕ್ಕೆ ಎಂಟು ಮಾರ್ಕು ತಗೊಂಡೆವು.

ಆದರೆ ಹನಕೆರೆಯಲ್ಲಿ ಅಂಥ ಬೆಟ್ಟ ಎಲ್ಲಿದೆ? ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಬೆಂಗಳೂರು-ಮೈಸೂರಿನ ರಸ್ತೆಯೂ ರೈಲೂ ಹಾದುಹೋಗುವ ಊರು ನಮ್ಮದು. ಕಣ್ಣೆದುರಿಗೆ ಇದ್ದದ್ದು ಕಬ್ಬಿನ ಗದ್ದೆ, ಭತ್ತದ ಗದ್ದೆ, ನಾಲೆ, ಬದು. ಕೈ ಬರೆದದ್ದು ಮಾತ್ರ ಯಾವತ್ತೂ ನೋಡದ ಬೆಟ್ಟ, ಯಾವತ್ತೂ ಇಳಿಯದ ಕೆರೆ. ಕಣ್ಣು ಒಂದು ಕಡೆ, ಕೈ ಒಂದು ಕಡೆ. ನಮ್ಮ ಕಣ್ಣನ್ನೂ ಕೈಯನ್ನೂ ಹೀಗೆ ಬೇರೆ ಮಾಡಿದ್ದು ಯಾರು? ಈ ಲೇಖನದ ಪ್ರಶ್ನೆ ಇಷ್ಟೇ.

ಕವಿತೆ ಬರೆಯುವ ನಮಗೆ ಚಿತ್ರದ ಗೊಡವೆ ಯಾಕೆ ಎಂದು ಗೆಳೆಯರು ಕೇಳಿದರು. ಕೂಲಿ ಸಿಗದವರ ನಾಡಿನಲ್ಲಿ ಜಲವರ್ಣದ ವಿಮರ್ಶೆಯೇ ಎಂದು ನಕ್ಕವರೂ ಇದ್ದಾರೆ. ಅವರ ನಗುವಿನಲ್ಲಿ ಸಿಟ್ಟಿದೆ, ಆ ಸಿಟ್ಟು ನಮಗೂ ಗೊತ್ತು. ಆದರೆ ಅನ್ನದ ಪ್ರಶ್ನೆಯನ್ನು ನಾವು ನೋಡಿಕೊಳ್ಳುತ್ತೇವೆ, ಸೌಂದರ್ಯದ ಪ್ರಶ್ನೆಯನ್ನು ಮೇಲಿನವರು ನೋಡಿಕೊಳ್ಳಲಿ ಎಂದು ಬಿಟ್ಟುಕೊಡುವುದೂ ಒಂದು ಗುಲಾಮಗಿರಿ. ಅದಕ್ಕೇ ಈ ಮಾತು.

ಮೊದಲು ಜಲವರ್ಣದ ಗುಣ ತಿಳಿಯೋಣ. ಎಣ್ಣೆಬಣ್ಣದಲ್ಲಿ ತಪ್ಪಾದರೆ ಮೇಲೆ ಇನ್ನೊಂದು ಪದರ ಬಳಿದು ಮುಚ್ಚಬಹುದು. ಜಲವರ್ಣ ಮುಚ್ಚುವುದಿಲ್ಲ, ಕೆಳಗಿರುವುದನ್ನು ತೋರಿಸಿಬಿಡುತ್ತದೆ. ಆದ್ದರಿಂದ ತಿಳಿಬಣ್ಣದಿಂದ ಶುರುಮಾಡಿ ಗಾಢಕ್ಕೆ ಹೋಗಬೇಕು. ದೂರದ ಬೆಟ್ಟಕ್ಕೆ ನೀರು ಹೆಚ್ಚು, ಬಣ್ಣ ಕಡಿಮೆ. ಹತ್ತಿರದ ಬಂಡೆಗೆ ಬಣ್ಣ ಹೆಚ್ಚು, ನೀರು ಕಡಿಮೆ. ಕೆರೆಗೆ ಕಾಗದವನ್ನು ಒದ್ದೆ ಮಾಡಿ ಅಡ್ಡಡ್ಡಕ್ಕೆ ತೆಳುವಾಗಿ ಬಣ್ಣ ಹಾಸಬೇಕು. ಆ ಹಸಿ ಆರುವುದರೊಳಗೆ ಬೆಟ್ಟದ ನೆರಳನ್ನು ಮೇಲಿಂದ ಕೆಳಕ್ಕೆ ಇಳಿಸಬೇಕು. ಸ್ವಲ್ಪ ತಡವಾದರೂ ಕಲೆ ಕೂರುತ್ತದೆ. ಇನ್ನು ನೀರಿನ ಹೊಳಪು? ಶುದ್ಧ ಜಲವರ್ಣದಲ್ಲಿ ಬಿಳಿ ಬಣ್ಣವನ್ನು ಬಳಸುವುದಿಲ್ಲ. ಬಿಸಿಲು ಮಿಂಚುವ ಜಾಗ ಅಂದರೆ ಕುಂಚ ಮುಟ್ಟದೆ ಬಿಟ್ಟ ಬರೀ ಕಾಗದ.

ಮುಟ್ಟದೆ ಬಿಟ್ಟದ್ದು! ಈ ಮಾತು ನಮ್ಮ ಕೇರಿಯವರ ಕಿವಿಗೆ ಬೇರೆ ಥರ ಕೇಳುತ್ತದೆ. ಚಿತ್ರ ಅಂದಮೇಲೆ ಏನನ್ನಾದರೂ ಬಿಡಲೇಬೇಕು, ಎಲ್ಲವನ್ನೂ ಬರೆಯಲು ಆಗುವುದಿಲ್ಲ ಎಂಬುದು ನಮಗೆ ಗೊತ್ತು. ಬಿಟ್ಟದ್ದು ಯಾರನ್ನು, ಯಾಕೆ ಎಂದಷ್ಟೇ ನಾವು ಕೇಳುತ್ತಿರುವುದು.

ಈ ಕಲೆ ನಮ್ಮ ಮಂಡ್ಯದ ನೆಲಕ್ಕೆ ಬಂದದ್ದು ಹೇಗೆ ಎಂದು ನೋಡಿದರೆ ಅದರ ಹಿಂದೆ ಬಂದೂಕು ಕಾಣುತ್ತದೆ. ಇಂಗ್ಲಿಷ್ ಜಲವರ್ಣದ ಪಿತಾಮಹ ಎಂದು ಹೆಸರಾದ ಪಾಲ್ ಸ್ಯಾಂಡ್‌ಬಿ 1768ರಿಂದ ಡ್ರಾಯಿಂಗ್ ಮಾಸ್ತರನಾಗಿದ್ದದ್ದು ವುಲಿಚ್‌ನ ಸೈನಿಕ ಅಕಾಡೆಮಿಯಲ್ಲಿ. ಫಿರಂಗಿಯ ಅಧಿಕಾರಿಗೆ ಬೆಟ್ಟ, ಹೊಳೆ, ಕೋಟೆ ಎಲ್ಲೆಲ್ಲಿವೆ ಎಂದು ಬೇಗ ಬರೆದುಕೊಳ್ಳುವ ವಿದ್ಯೆ ಬೇಕಿತ್ತು. ಒಂದು ಕುಂಚ, ನಾಲ್ಕು ಬಿಲ್ಲೆ ಬಣ್ಣ, ಒಂದು ಬಟ್ಟಲು ನೀರು ಇದ್ದರೆ ಕುದುರೆಯ ಜೀನಿನ ಚೀಲದಲ್ಲೇ ಹಿಡಿಯುವ ಕಸುಬು ಅದು. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ದಂಡಿನ ಜೊತೆಗೆ ಚಿತ್ರಗಾರರೂ ಬಂದರು. ರಾಬರ್ಟ್ ಹೋಮ್ ಮೈಸೂರಿನ ದೃಶ್ಯಗಳ ಪುಸ್ತಕವನ್ನು 1794ರಲ್ಲಿ ಪ್ರಕಟಿಸಿದ. ಅದೇ ಸುಮಾರಿಗೆ ಕೋಲ್‌ಬ್ರೂಕ್ ಎಂಬುವವನ ಹನ್ನೆರಡು ದೃಶ್ಯಗಳು ಬಂದವು. ಅವನು ವೃತ್ತಿಯಿಂದ ಸರ್ವೆಯರ್. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಬರೆದ ಮೈಸೂರಿನ ದೃಶ್ಯಗಳು ಅವನು ಸತ್ತ ಮೇಲೆ, 1804-05ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ನೆಲವನ್ನು ಅಳೆಯುವ ಕಣ್ಣು, ಗೆಲ್ಲುವ ಕಣ್ಣು, ಚೆಂದ ನೋಡುವ ಕಣ್ಣು ಮೂರೂ ಒಂದೇ ಮುಖದಲ್ಲಿದ್ದವು.

ಆ ಚಿತ್ರಗಳಲ್ಲಿ ಜನ ಇಲ್ಲವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಜನ ಇದ್ದಾರೆ. ಒಂದು ಮೂಲೆಯಲ್ಲಿ ಚಿಕ್ಕದಾಗಿ ಒಬ್ಬ, ಅವನ ಪಕ್ಕ ಒಂದು ಎತ್ತು. ಯಾಕೆ ಇದ್ದಾನೆ? ಹಿಂದಿನ ಬೆಟ್ಟ ಎಷ್ಟು ಎತ್ತರ, ಕೋಟೆ ಎಷ್ಟು ದೊಡ್ಡದು ಎಂದು ನೋಡುವವನಿಗೆ ತಿಳಿಯಲಿ ಅಂತ. ಅವನು ಅಲ್ಲಿ ಮನುಷ್ಯನಲ್ಲ, ಅಳತೆಗೋಲು. ಆದ್ದರಿಂದ 'ಚಿತ್ರದಲ್ಲಿ ದಲಿತನೊಬ್ಬನನ್ನು ನಿಲ್ಲಿಸಿಬಿಟ್ಟರೆ ಆಯಿತು, ಕಲೆ ಜನಪರವಾಯಿತು' ಎಂದು ನಂಬಿರುವ ನಮ್ಮ ಕೆಲವು ಗೆಳೆಯರು ಸ್ವಲ್ಪ ಯೋಚಿಸಬೇಕು. ನಿಲ್ಲಿಸುವುದನ್ನು ಬಿಳಿಯರು ಇನ್ನೂರು ವರ್ಷದ ಹಿಂದೆಯೇ ಮಾಡಿದ್ದಾರೆ.

ಇನ್ನು ನಮ್ಮವರಿಗೆ ಬರೋಣ. ಬೆಟ್ಟದ ಮೇಲಿನ ಕೆರೆಯನ್ನು ಜಲವರ್ಣದಲ್ಲಿ ಬರೆದ ಕನ್ನಡ ನಾಡಿನ ದೊಡ್ಡ ಹೆಸರು ಕೆ. ವೆಂಕಟಪ್ಪ. ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತು 1916ರ ಹೊತ್ತಿಗೆ ಮೈಸೂರಿಗೆ ಮರಳಿದರು. 1926ರಲ್ಲಿ ಅವರು ಊಟಿಯ ನೋಟಗಳನ್ನು ಬರೆದರು: ಚದುರುವ ಮುಂಗಾರಿನ ಮೋಡ, ಸೂರ್ಯೋದಯ, ಬೆಳುದಿಂಗಳು, ಕೆರೆಯ ನೋಟ. ನಾವು ಅವನ್ನು ಮೊದಲು ನೋಡಿದ್ದು ಕಾಲೇಜು ಲೈಬ್ರರಿಯ ಒಂದು ಪುಸ್ತಕದ ಮಾಸಿದ ಅಚ್ಚಿನಲ್ಲಿ. ಆ ಅಚ್ಚಿನಲ್ಲೂ ಮಂಜು ತಣ್ಣಗಿತ್ತು. ಒಬ್ಬ ಮನುಷ್ಯ ದಿನಗಟ್ಟಲೆ ಒಂದು ಬೆಳಕಿಗಾಗಿ ಕಾದು ಕೂತಿದ್ದಾನೆ ಎಂಬುದು ಕಾಣುತ್ತಿತ್ತು. ಇದು ಸೋಮಾರಿ ಕಲೆಯಲ್ಲ, ಬೆವರಿನ ಕಲೆ. ಮುಂದೆ ಇದೇ ವೆಂಕಟಪ್ಪನವರು ಅರಮನೆಗೆ ಮಾಡಿಕೊಟ್ಟ ಗಾರೆಯ ಉಬ್ಬುಚಿತ್ರಗಳ ಹಣಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದರು. ತನ್ನ ಕೈಕೆಲಸಕ್ಕೆ ಕೂಲಿ ಕೇಳಿ ಅರಮನೆಯನ್ನೇ ನ್ಯಾಯಕ್ಕೆಳೆದ ಕಲಾವಿದನನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಆದರೂ ಕೇಳಬೇಕಾದ್ದನ್ನು ಕೇಳಬೇಕು. ಆ ಊಟಿಯ ಕೆರೆ ಪ್ರಕೃತಿ ಕೊಟ್ಟದ್ದಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1823ರಿಂದ 1825ರ ಸುಮಾರಿಗೆ ಬೆಟ್ಟದ ತೊರೆಗಳಿಗೆ ಅಡ್ಡ ಕಟ್ಟೆ ಹಾಕಿಸಿ ಮಾಡಿಸಿದ್ದು. ಕೊಡೈಕೆನಾಲಿನ ಕೆರೆಯೂ ಹಾಗೆಯೇ, 1863ರಲ್ಲಿ ಲೆವಿಂಜ್ ಎಂಬ ಇನ್ನೊಬ್ಬ ಕಲೆಕ್ಟರ್ ಮಾಡಿಸಿದ್ದು. ಊಟಿಯ ನೆಲ ತೋಡರದು, ಅವರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲು. ದಡದ ಮರ ಆಸ್ಟ್ರೇಲಿಯಾದಿಂದ ತಂದು ನೆಟ್ಟದ್ದು. ನಾವು ಅದನ್ನು 'ನೀಲಗಿರಿ ಮರ' ಎಂದು ಕರೆಯುತ್ತೇವೆ. ಹೊರಗಿನಿಂದ ಬಂದದ್ದಕ್ಕೆ ಬೆಟ್ಟದ ಹೆಸರೇ ಸಿಕ್ಕಿತು, ಬೆಟ್ಟದವರಿಗೆ ಬೆಟ್ಟ ಉಳಿಯಲಿಲ್ಲ. ಮೈಸೂರು ದೊರೆಗಳಿಗೂ ಅಲ್ಲಿ ಫರ್ನ್‌ಹಿಲ್ ಅರಮನೆ ಇತ್ತು. ಕಲೆಕ್ಟರನ ಕಟ್ಟೆ, ಕೂಲಿಯವರ ಗುದ್ದಲಿ, ತೋಡರ ಹುಲ್ಲು ಇಷ್ಟೂ ಸೇರಿ ಆದ ಕೆರೆ ಚಿತ್ರಕ್ಕೆ ಬಂದಾಗ ಬರೀ ಮೋಡ, ಬರೀ ಮಂಜು, ಬರೀ ಬೆಳಕು. ಯಾರೂ ಮಾಡದ ಕೆರೆ, ಯಾರದೂ ಅಲ್ಲದ ಕೆರೆ. ವೆಂಕಟಪ್ಪನವರು ಸುಳ್ಳು ಬರೆದರು ಎಂದು ನಾವು ಹೇಳುತ್ತಿಲ್ಲ. ಅವರು ನಿಂತ ಜಾಗದಿಂದ ಅಷ್ಟೇ ಕಾಣುತ್ತಿತ್ತು.

ಈಗ ಇಸವಿಯನ್ನು ನೆನಪಿಡಿ: 1926. ಮರುವರ್ಷವೇ, 1927ರ ಮಾರ್ಚ್ 20ರಂದು, ಮಹಾಡ್ ಎಂಬ ಊರಿನ ಚವ್‌ದಾರ್ ಕೆರೆಗೆ ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ, ಬೊಗಸೆಯಲ್ಲಿ ನೀರೆತ್ತಿ ಕುಡಿದರು. ದನ ಕುಡಿಯಬಹುದಾಗಿದ್ದ, ನಾಯಿ ಕುಡಿಯಬಹುದಾಗಿದ್ದ ಕೆರೆ ಅದು. ಆಮೇಲೆ ಸವರ್ಣೀಯರು ಹಾಲು, ಮೊಸರು, ಸಗಣಿ, ಗಂಜಲ ಕಲಸಿದ 108 ಕೊಡಗಳನ್ನು ಕೆರೆಗೆ ಸುರಿದು 'ಶುದ್ಧಿ' ಮಾಡಿದರು. ಆ ಕೆರೆಯ ನೀರಿನ ಹಕ್ಕು ಕೋರ್ಟಿನಲ್ಲಿ ಇತ್ಯರ್ಥವಾಗಲು 1937 ಬರಬೇಕಾಯಿತು.

ಒಂದೇ ದೇಶ, ಒಂದು ವರ್ಷದ ಅಂತರ, ಎರಡು ಕೆರೆ. ಒಂದನ್ನು ಚಿತ್ರವಾಗಿ ಗೋಡೆಗೆ ತೂಗುಹಾಕಿದರು. ಇನ್ನೊಂದಕ್ಕೆ ಇಳಿದವರ ತಲೆ ಒಡೆದರು. ನಮ್ಮ ಕಲಾಚರಿತ್ರೆಯಲ್ಲಿ ಮೊದಲನೆಯದು ಮಾತ್ರ ಇದೆ. ಎರಡನ್ನೂ ಒಟ್ಟಿಗೆ ಓದದ ಸೌಂದರ್ಯಶಾಸ್ತ್ರ ನಮಗೆ ಬೇಡ.

ಇದು ಹಳೇ ಕತೆ ಅನ್ನುವವರು ನಮ್ಮ ಊರಿಗೇ ಬರಲಿ. 2024ರ ನವೆಂಬರಿನಲ್ಲಿ ಹನಕೆರೆಯ ಕಾಲಭೈರವೇಶ್ವರ ದೇವಸ್ಥಾನಕ್ಕೆ ದಲಿತರು ಪೊಲೀಸರ ಕಾವಲಿನಲ್ಲಿ ಮೊದಲ ಸಲ ಕಾಲಿಟ್ಟಾಗ, ಕೆಲವರು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಬೇರೆ ಕಡೆ ಇಟ್ಟರು. ಪೇಪರಿನಲ್ಲೆಲ್ಲ ಬಂತು. ದೇವರ ಚರ್ಚೆ ಇಲ್ಲಿ ಬೇಡ, ನೋಟದ ಮಾತಾಡೋಣ. ನಾವು ಒಳಕ್ಕೆ ಬಂದ ಕೂಡಲೇ ದೃಶ್ಯ ಜಾಗ ಖಾಲಿ ಮಾಡುತ್ತದೆ. ನಾವು ಇಲ್ಲದಿದ್ದಾಗ ಮಾತ್ರ ಅದು ಪೂರ್ತಿ. ನಿಸರ್ಗಚಿತ್ರದ ಚೌಕಟ್ಟಿಗೂ ಗರ್ಭಗುಡಿಯ ಚೌಕಟ್ಟಿಗೂ ಇಂಥ ಒಂದು ನಂಟಿದೆ ಎಂದು ನಮಗೆ ಅನ್ನಿಸಿದ್ದು ಆಗಲೇ.

ನಮ್ಮ ತಾತ ನೀರುಗಂಟಿ. ಪಟ್ಟಣದ ಓದುಗರಿಗಾಗಿ ಹೇಳುತ್ತೇವೆ: ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ನೀರು, ಯಾವ ಜಾವಕ್ಕೆ ಎಂದು ಹಂಚುವವನೇ ನೀರುಗಂಟಿ. ಹಳೇ ಮೈಸೂರು ಸೀಮೆಯಲ್ಲಿ ಈ ಕೆಲಸ ಬಹುಪಾಲು ನಮ್ಮ ಕೇರಿಗಳದ್ದು. ಸಂಬಳ ಇಲ್ಲ, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಆಯ ಕೊಡುತ್ತಿದ್ದರು. ಏರಿಯಲ್ಲಿ ಎಲ್ಲಿ ಇಲಿ ಬಿಲ ಮಾಡಿದೆ, ಕೋಡಿ ಯಾವತ್ತು ಬೀಳುತ್ತದೆ, ಈ ನೀರು ಇನ್ನೆಷ್ಟು ದಿನಕ್ಕೆ ಸಾಕು ಎಂದು ದಡದ ಕಲ್ಲಿನ ಮೇಲಿನ ಗೆರೆ ನೋಡಿಯೇ ಹೇಳುತ್ತಿದ್ದರು. ಊರಿನ ಎಲ್ಲ ಗದ್ದೆಗೂ ನೀರು ಬಿಟ್ಟ ಕೈ ಅದು. ಆ ಕೈ ಊರ ಬಾವಿಯ ಹಗ್ಗ ಹಿಡಿಯುವಂತಿರಲಿಲ್ಲ.

ಚಿಕ್ಕಂದಿನಲ್ಲಿ ಕೆರೆಗೆ ಪಟ್ಟಾಗಿ ನೀಲಿ ಬಳಿಯುತ್ತಿದ್ದಾಗ ತಾತ ಬಗ್ಗಿ ನೋಡಿ ಅಂದಿದ್ದರು: "ಅದ್ಯಾಕ್ಲಾ ಮಗ ಊದಾ ಬಳ್ದಿದ್ದೀಯಾ? ನೀರ್ಗೆ ತನ್ದು ಅಂತ ಬಣ್ಣ ಇಲ್ಲ ಕನ್ಲಾ. ಕೆಳಗ್ ಮಣ್ಣಿದ್ರೆ ಮಣ್ಣಿನ್ ಬಣ್ಣ, ಮ್ಯಾಲೆ ಮೋಡ ಇದ್ರೆ ಮೋಡದ್ ಬಣ್ಣ." ಹತ್ತು ವರ್ಷ ಬಿಟ್ಟು ಜಲವರ್ಣ ಕಲಿಸುವ ಪುಸ್ತಕದಲ್ಲಿ ಇದೇ ಮಾತನ್ನು ಓದಿದೆವು. ಆದರೆ ಅಲ್ಲಿ ಅದು ಇಂಗ್ಲಿಷಿನಲ್ಲಿತ್ತು. ಮೊದಲ ಡಿಗ್ರಿ ನಮ್ಮ ಮನೆಗೆ ಬಂದದ್ದು ನಮ್ಮಿಂದ ಎಂದು ನಾವು ಹೆಮ್ಮೆಪಟ್ಟಿದ್ದೆವು. ನೀರಿನ ವಿದ್ಯೆ ಮೊದಲೇ ಮನೆಯಲ್ಲಿತ್ತು ಎಂಬುದು ಆವತ್ತು ಗೊತ್ತಾಯಿತು.

ಕಳೆದ ಬೇಸಿಗೆಯಲ್ಲಿ ಗೆಳೆಯನೊಬ್ಬನ ಜೊತೆ ನಮ್ಮ ಸೀಮೆಯದೇ ಒಂದು ಕೆರೆ ಏರಿಯ ಮೇಲೆ ಹಲಗೆ, ಕಾಗದ ಇಟ್ಟುಕೊಂಡು ಕೂತೆವು. ಅರ್ಧ ಗಂಟೆಯಲ್ಲಿ ಒಬ್ಬರು ಬಂದರು.

"ಯಾರ್ ಮಕ್ಳುಲಾ ನೀವು? ಯಾವ್ ಕೇರಿ?"

ಹೇಳಿದೆವು.

"ಇಲ್ಲೇನ್ ಕ್ಯಾಮೆ ನಿಮ್ಗೆ?"

ಕ್ಯಾಮೆ! ಏರಿ ಮೇಲೆ ಮಣ್ಣು ಹೊತ್ತರೆ ಯಾರೂ ಕೇಳುವುದಿಲ್ಲ. ತೂಬಿನ ಕೆಸರಿಗೆ ಇಳಿದರೆ ಯಾರೂ ಕೇಳುವುದಿಲ್ಲ. ದನ ಮೇಯಿಸಿದರೆ ಕೇಳುವುದಿಲ್ಲ. ಕೆಲಸವಿಲ್ಲದೆ ಕೂತು ನೀರು ನೋಡಿದರೆ ಕೇಳುತ್ತಾರೆ. ಮಹಾಡಿಗೆ ಹೋದದ್ದು ಬರೀ ನೀರು ಕುಡಿಯಲಿಕ್ಕಲ್ಲ, ನಾವೂ ಮನುಷ್ಯರು ಎಂದು ತೋರಿಸಲಿಕ್ಕೆ ಎಂಬ ಅರ್ಥದ ಮಾತನ್ನು ಅಂಬೇಡ್ಕರ್ ಅಲ್ಲಿ ಹೇಳಿದ್ದರು. ನಾವು ಅದಕ್ಕೆ ಇಷ್ಟು ಸೇರಿಸುತ್ತೇವೆ: ಕೆರೆಯ ಮೇಲಿನ ಹಕ್ಕು ಅಂದರೆ ಕುಡಿಯುವ ಹಕ್ಕು ಮಾತ್ರ ಅಲ್ಲ, ದಡದಲ್ಲಿ ಸುಮ್ಮನೆ ಕೂತು ನೋಡುವ ಹಕ್ಕು ಕೂಡ. ಚೆಂದ ಅನ್ನುವ ಹಕ್ಕು ಕೂಡ. ನಿಸರ್ಗಚಿತ್ರ ಬೂರ್ಜ್ವಾ ಕಲೆ, ಅದನ್ನು ಬಿಸಾಕಿ ಎನ್ನುವ ಗೆಳೆಯರಿಗೆ ನಮ್ಮ ಉತ್ತರ ಇದು. ನಮಗೆ ಯಾವತ್ತೂ ಕೊಡದಿದ್ದ ಬಿಡುವನ್ನು ನಾವೇ ಬಿಸಾಕಬೇಕೆ?

ಹೇಳಲೇಬೇಕಾದ ಇನ್ನೊಂದು ಮಾತಿದೆ. ಆ ಮನುಷ್ಯರು ಹೋಗಲಿಲ್ಲ. ಹಿಂದೆ ನಿಂತು ಸುಮಾರು ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ನಮ್ ಗದ್ದೆ ಎಲ್ಲೈತೆ ಇದ್ರೊಳ್ಗೆ?" ಅಂದರು. ಅವರೂ ಚಿತ್ರದಲ್ಲಿ ತಮ್ಮನ್ನೇ ಹುಡುಕುತ್ತಿದ್ದರು. ನಾವು ತೋರಿಸಿದೆವು. ಅವರ ಗದ್ದೆಯ ನೀರು ಹಾಯುವ ತೂಬನ್ನೂ ತೋರಿಸಿದೆವು. ಅವರು ಏನೂ ಹೇಳಲಿಲ್ಲ. ನಾವೂ ಏನೂ ಹೇಳಲಿಲ್ಲ. ಅಷ್ಟಕ್ಕೆ ಜಾತಿ ಹೋಯಿತು ಎಂದು ಬರೆಯುವಷ್ಟು ಹುಚ್ಚು ನಮಗಿಲ್ಲ.

ನಮಗೆ ಹತ್ತಿರದ, ನಿಜವಾದ ಬೆಟ್ಟದ ಕೆರೆ ಅಂದರೆ ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ. ಸುತ್ತ ಕಲ್ಲುಬೆಟ್ಟ, ಬೆಟ್ಟಗಳ ಸಂದಿಗೆ ಕಟ್ಟಿದ ಏರಿ, ಒಳಗೆ ತಿಳಿನೀರು. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗ್ ಇದಕ್ಕೆ ಮೋತಿ ತಲಾಬ್ ಎಂದು ಹೆಸರಿಟ್ಟನಂತೆ, ಮುತ್ತಿನ ಕೆರೆ ಎಂದು. ಅದಕ್ಕೂ ಮೊದಲಿನ ಹೆಸರು ರಾಮಾನುಜರ ಕತೆಯೊಂದಿಗೆ ಸೇರಿದೆ. ಬಂದು ನೋಡಿದವರ ಹೆಸರು ಉಳಿದಿದೆ, ಹರಸಿದವರ ಹೆಸರು ಉಳಿದಿದೆ. ಕಲ್ಲು ಹೊತ್ತ ಒಡ್ಡರ ಹೆಸರು ಒಂದಾದರೂ ಉಳಿದಿದೆಯೇ?

ಎರಡನೆಯ ಸಲ ಹಲಗೆ ಹಿಡಿದದ್ದು ಅಲ್ಲಿ. ಮೊದಲು ಪ್ರವಾಸಿಗಳು ಫೋಟೋ ತೆಗೆಯುವ ಜಾಗದಲ್ಲಿ ನಿಂತೆವು. ಬೆಟ್ಟ, ನೀರು, ಆಕಾಶ ಎಲ್ಲ ಸರಿಯಾಗಿ ಬಂತು. ಶಾಲೆಯ ಸೀನರಿಯೂ ಬಂದುಬಿಟ್ಟಿತು! ಆ ಹಾಳೆ ಹರಿದು ಏರಿಯ ಕಡೆಯಿಂದ ನೋಡಿದೆವು. ಅಲ್ಲಿಂದ ಕೆರೆ ಬೇರೆ. ಒಂದರ ಮೇಲೊಂದು ಕೂರಿಸಿದ ಕಲ್ಲು, ನೀರು ಇಳಿದ ಮೇಲೆ ಬಂಡೆಯ ಮೇಲೆ ಉಳಿದ ಗೆರೆಗಳು, ಹಿಂದೆ ಕೆಳಗೆ ಅಚ್ಚುಕಟ್ಟಿನ ಹಸಿರು. ಕರೀ ಬಂಡೆಯ ನೆರಳು ನೀರಿನಲ್ಲಿ ಬಂಡೆಗಿಂತ ಸ್ವಲ್ಪ ತಿಳಿ, ಬೆಳ್ಳನೆ ಮೋಡದ ನೆರಳು ಮೋಡಕ್ಕಿಂತ ಸ್ವಲ್ಪ ಮಂಕು. ಇದನ್ನು ಹಿಡಿಯಲು ಎರಡು ಮಧ್ಯಾಹ್ನ ಬೇಕಾಯಿತು. ಚಿತ್ರ ಚೆನ್ನಾಗಿ ಬರಲಿಲ್ಲ. ನೀರಿನಲ್ಲಿ ಕಲೆ ಕೂತಿತು, ಬೆಟ್ಟ ಗಡುಸಾಯಿತು. ಆದರೆ ಅದರೊಳಗೆ ಏರಿ ಇತ್ತು. ಕೆರೆಯನ್ನು ಯಾರೋ ಕಟ್ಟಿದ್ದಾರೆ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ಮನುಷ್ಯನನ್ನು ನಿಲ್ಲಿಸುವುದಕ್ಕಿಂತ ಮನುಷ್ಯ ನಿಂತ ಜಾಗದಲ್ಲಿ ನಾವು ನಿಂತು ನೋಡುವುದು ಮುಖ್ಯ ಎಂದು ನಮಗೆ ಅಲ್ಲಿ ತಿಳಿಯಿತು.

ಹೀಗೆ ನಿಂತವರು ಇಲ್ಲದೆ ಇಲ್ಲ. ಬಂಗಾಳದ ಬಾಂಕುರಾದ ಬಡ ಕ್ಷೌರಿಕರ ಮನೆಯಿಂದ ಶಾಂತಿನಿಕೇತನಕ್ಕೆ ಹೋದ ರಾಮ್‌ಕಿಂಕರ್ ಬೈಜ್ 1938ರಲ್ಲಿ ಸಂತಾಲ ಕುಟುಂಬವನ್ನು ಬಯಲಿನಲ್ಲಿ ದೊಡ್ಡ ಶಿಲ್ಪವಾಗಿ ನಿಲ್ಲಿಸಿದರು. ಅದೇ ಕೈ ಜಲವರ್ಣವನ್ನೂ ಬರೆಯಿತು. ಬಣ್ಣ, ಕುಂಚ, ಕಾಗದಕ್ಕೆ ಜಾತಿ ಇಲ್ಲ. ನೋಡುವ ಜಾಗಕ್ಕೆ ಇದೆ.

ಕೊನೆಯದಾಗಿ ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ಒಂದು ಮಾತು. ನೀವೇ ಸೀನರಿ ಕಲಿಸಿದಿರಿ ಎಂದು ದೂರುತ್ತಿಲ್ಲ. ನಿಮಗೂ ಯಾರೋ ಕಲಿಸಿದ್ದು ಅದು. ಮುಂದಿನ ಸಲ ಚಿತ್ರದ ಪಿರಿಯಡ್ಡಿನಲ್ಲಿ ಮಕ್ಕಳನ್ನು ಕೆರೆಗೋ ನಾಲೆಗೋ ಕರೆದುಕೊಂಡು ಹೋಗಿ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮಕ್ಕಳಾದರೆ ಈ ನೀರು ಕನ್ನಂಬಾಡಿಯಿಂದ ಹೇಗೆ ಬಂತು, ಹುಲಿಕೆರೆಯ ಹತ್ತಿರ ನೆಲದಡಿ ಸುರಂಗ ಕೊರೆದವರು ಯಾರಿರಬಹುದು, ಇರ್ವಿನ್ ನಾಲೆ ಎಂದಿದ್ದದ್ದು ವಿಶ್ವೇಶ್ವರಯ್ಯ ನಾಲೆ ಆದಾಗ ಅಗೆದವರ ಹೆಸರು ಯಾಕೆ ಬರಲಿಲ್ಲ ಎಂದು ಕೇಳಿ. 'ಕೆರೆಗೆ ಹಾರ'ದ ಭಾಗೀರಥಿಯ ಕತೆ ಹೇಳಿ. ನೀರು ಬರಲಿ ಎಂದು ಹೆಣ್ಣೊಬ್ಬಳನ್ನು ಕೆರೆಗೆ ಕೊಟ್ಟ ಕತೆಯನ್ನು ಜನಪದರು ಮುಚ್ಚಿಡಲಿಲ್ಲ, ಹಾಡಿದರು. ಊರಲ್ಲಿ ನೀರುಗಂಟಿ ಕೆಲಸ ಮಾಡಿದ ಮುದುಕರು ಬದುಕಿದ್ದರೆ ಅವರನ್ನು ಕ್ಲಾಸಿಗೆ ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ನೀರಿನ ಬಣ್ಣ ಯಾವುದು ಎಂದು ಕೇಳಿ.

ಆಮೇಲೆ ಮಕ್ಕಳಿಗೆ ಬಣ್ಣ ಕೊಡಿ. ಎಲ್ಲಿ ನಿಂತು ಬರೆಯಬೇಕು ಎಂದು ಅವರೇ ಜಾಗ ಹುಡುಕಿಕೊಳ್ಳಲಿ. ಚಿತ್ರ ಕೊಳಕಾದರೆ ಆಗಲಿ, ಹತ್ತಕ್ಕೆ ಎಂಟು ಬರದಿದ್ದರೆ ಬರದೆ ಹೋಗಲಿ. ಯಾವುದಾದರೂ ಕೇರಿಯ ಹುಡುಗಿ ಮಧ್ಯಾಹ್ನವೆಲ್ಲ ದಡದಲ್ಲಿ ಕೂತು, ನೀರಿನ ನಡುವೆ ಒಂದು ತುಂಡು ಕಾಗದವನ್ನು ಬೆಳ್ಳಗೆ ಹಾಗೇ ಬಿಟ್ಟಿದ್ದರೆ, ಯಾಕಮ್ಮ ಬಿಟ್ಟೆ ಎಂದು ಕೇಳಿ. 'ಅಲ್ಲಿ ಬಿಸ್ಲು ಬಿದ್ದದೆ ಸಾರ್' ಎಂದು ಅವಳು ಹೇಳಬಹುದು. ಅಲ್ಲಿ ಏನನ್ನು ಬಿಡಬೇಕು ಎಂದು ಅವಳೇ ಗೊತ್ತುಮಾಡಿರುತ್ತಾಳೆ. ನಮಗೆ ಬೇಕಾದದ್ದು ಅಷ್ಟು.